ಪಡಸಾಲೆಯಲ್ಲಿ ಹತ್ತು ಕೂಸು

ಕಲಘಟಗಿಯ ತೊಟ್ಟಿಲನ್ನು ಕಾಣದ ವಾಚಕಿಯರು ನಮ್ಮ ಸೀಮೆಯಲ್ಲಿ ವಿರಳ. ತೇಗಿನ ಕಟ್ಟಿಗೆಗೆ ಅರಗಿನ ಬಣ್ಣವೇರಿಸಿ, ಅದರ ಮೇಲೆ ಕೃಷ್ಣನ ಬಾಲಲೀಲೆಗಳನ್ನು ಬರೆದು ಅಲ್ಲಿಯ ಚಿತ್ರಗಾರರು ಸಿದ್ಧಪಡಿಸುವ ಆ ತೊಟ್ಟಿಲಿಗೆ ಬಾಣಂತಿಯ ಮನೆಯಲ್ಲಿ ದೊಡ್ಡ ಮರ್ಯಾದೆ. ಆದರೆ ಅದನ್ನು ತೂಗುವವರು ಯಾರೆಂಬ ಪ್ರಶ್ನೆಗೆ ಚಿತ್ರಗಾರನು ಉತ್ತರ ಕೊಡಲಾರನು. ಅದೇ ತಾಲೂಕಿನ ತಂಬೂರದಂಥ ಊರಿನಲ್ಲಿ ಮಿರಗದ ಮಳೆ ಹಿಡಿದು ಬಿತ್ತಿಗೆ ಮುಗಿಯಿತೆಂದರೆ, ಭತ್ತ-ಗೋವಿನಜೋಳಗಳ ಕಳೆ ತೆಗೆಯುವದಕ್ಕೂ, ಮುಂದೆ ಹತ್ತಿ ಬಿಡಿಸುವದಕ್ಕೂ ಹೋಗತಕ್ಕವರು ಹೆಂಗಸರೇ. ಅತ್ತೆ ಗಟ್ಟಿಯಾಗಿದ್ದರೆ ಅವಳೂ ಹೊಲದಲ್ಲಿಯೇ. ಕೂಸನ್ನು ಜೊತೆಗೊಯ್ದು ಗಿಡದ ಟೊಂಗೆಗೆ ಸೀರೆಯ ಜೋಲಿ ಕಟ್ಟಿದರೆ ಮಳೆ, ಇರುವೆ, ಹಾವಿನ ಭಯ. ಮನೆಯಲ್ಲಿ ಬಿಟ್ಟರೆ ಕಾಯುವವಳು ಎಂಟೊಂಬತ್ತು ವರುಷದ ಅಕ್ಕ.

ಈ ಅಕ್ಕನ ಹೆಸರು ಶಾಲೆಯ ಹಾಜರಿ ಪುಸ್ತಕದಲ್ಲಿ ಇದ್ದೇ ಇರುತ್ತದೆ. ಅವಳು ಮಾತ್ರ ಟೊಂಕದ ಮೇಲೆ ತಮ್ಮನನ್ನು ಹೊತ್ತು ಕಟ್ಟೆಯ ಹತ್ತಿರ ನಿಂತಿರುತ್ತಾಳೆ. ಹಂಗಾಮು ತೀರಿ ಅವಳು ತಿರುಗಿ ಶಾಲೆಗೆ ಬರುವಷ್ಟರಲ್ಲಿ ಭಾಗಾಕಾರದ ಪಾಠ ಮುಗಿದು ಹೋಗಿರುವದು. ಮರುವರುಷವೂ ಹಾಗೆಯೇ. ಕೂಸನ್ನು ನೋಡಿಕೊಳ್ಳುವದು ಪುಕ್ಕಟೆ ಆಗತಕ್ಕ ಕೆಲಸವೆಂದು ನಾವೆಲ್ಲರೂ ತಿಳಿದಿರುವೆವು. ಅದರ ಬೆಲೆಯನ್ನು ಆ ಹುಡುಗಿಯಿಂದ ವಸೂಲು ಮಾಡುತ್ತಿರುವೆವು.

ಊರಲ್ಲಿ ಅಂಗನವಾಡಿ ಇದೆಯಲ್ಲ ಎಂದು ಯಾರಾದರೂ ಕೇಳಬಹುದು. ಅದರ ಉಪಕಾರವನ್ನು ನಾವು ಮರೆಯಲಾರೆವು. ೧೯೪೫ರಲ್ಲಿ ಅಂದಿನ ಠಾಣೆ ಜಿಲ್ಲೆಯ ಬೋರ್ಡಿಯಲ್ಲಿ ತಾರಾಬಾಯಿ ಮೋಡಕರು ಬಾಲಶಿಕ್ಷಣದ ಕೇಂದ್ರವನ್ನು ತೆರೆದಾಗ ಬಡವರ ಮಕ್ಕಳು ಅಲ್ಲಿಗೆ ಬಾರದೆ ಹೋದುದರಿಂದ, ಅವರು ಪಾಠವನ್ನೇ ಕೇರಿಯ ಅಂಗಳಕ್ಕೆ ಒಯ್ದರು. ೧೯೭೫ರ ಅಕ್ಟೋಬರ ೨ರಂದು ಸರಕಾರದ ಯೋಜನೆಯು ಪ್ರಾರಂಭವಾದಾಗ ಕರ್ನಾಟಕದಲ್ಲಿ ಮೊದಲು ಅದನ್ನು ಕಂಡದ್ದು ಟಿ. ನರಸೀಪುರ. ಆದರೆ ಅಲ್ಲಿ ಕೂತು ಕಲಿಯುವವರು ಮೂರರಿಂದ ಆರು ವರುಷದ ಮಕ್ಕಳು. ಹಾಲು ಕುಡಿಯುವ ಕೂಸನ್ನು ಮುಂಜಾನೆ ಏಳಕ್ಕೆ ಇಸಿದುಕೊಂಡು ಸಂಜೆಯವರೆಗೆ ಇರಿಸಿಕೊಳ್ಳುವ ಏರ್ಪಾಡು ಸಾಮಾನ್ಯವಾಗಿ ಅಲ್ಲಿಲ್ಲ. ೧೯೪೮ರ ಕಾರಖಾನೆಗಳ ಕಾಯಿದೆಯು ಐವತ್ತಕ್ಕೆ ಮೇಲ್ಪಟ್ಟು ಹೆಂಗಸರು ದುಡಿಯುವಲ್ಲಿ ಶಿಶುಗೃಹವಿರಬೇಕೆಂದು ವಿಧಿಸಿತು. ಮುಂದೆ ಆ ಸಂಖ್ಯೆ ಮೂವತ್ತಕ್ಕೆ ಇಳಿಯಿತು. ಆದರೆ ಕಳೆ ತೆಗೆಯುವ ಹೊಲವು ಕಾರಖಾನೆಯಲ್ಲ. ಕರ್ನಾಟಕ ಸರಕಾರವು ೨೦೨೩-೨೪ರಲ್ಲಿ ೪,೦೦೦ ಗ್ರಾಮ ಪಂಚಾಯತಿಗಳಲ್ಲಿ ‘ಕೂಸಿನ ಮನೆ’ ತೆರೆಯುವದಾಗಿ ಸಾರಿತು. ಆದುದರಿಂದ ಮೊದಲು ಪಂಚಾಯತಿಯಲ್ಲಿ ವಿಚಾರಿಸಬೇಕು. ಹತ್ತಿರದಲ್ಲಿ ಅಂಥ ಮನೆ ನಡೆದಿದ್ದರೆ ಅದರ ಕೂಡ ಪೈಪೋಟಿ ಬೇಡ. ಅಲ್ಲಿಯೇ ಆರೈಕೆಯ ಕೆಲಸ ಸಿಕ್ಕೀತೇನೋ ನೋಡಬೇಕು. ಅಂಥದು ಇಲ್ಲದ ಕಡೆಯಲ್ಲಿ, ಇಲ್ಲವೆ ಅದರ ವೇಳೆಯು ಹೊಲದ ವೇಳೆಗೆ ಹೊಂದದ ಕಡೆಯಲ್ಲಿ, ತನ್ನ ಪಡಸಾಲೆಯನ್ನೇ ತೆರೆಯಬೇಕೆನ್ನುವ ಸೋದರಿಗಾಗಿ ಈ ತಿಂಗಳ ನಮ್ಮ ಮಾತು.

“ನೆರೆಮನೆಯ ಕೂಸು ಆಡಿಸಿದ್ದಕ್ಕೆ ರೊಕ್ಕವೇ?” ಎಂಬ ಮಾತು ಮೊದಲ ದಿನವೇ ಬರುವದು. ಈ ಮಾತಿಗೆ ಅಂಜಿದವಳು ಈ ಕೆಲಸಕ್ಕೆ ಕೈ ಹಾಕಬಾರದು. ಯಾಕಂದರೆ ಪುಕ್ಕಟೆ ಒಪ್ಪಿಕೊಂಡ ಕೂಸನ್ನು ನೆಂಟರು ಬಂದ ದಿನ ಬೇಡವೆನ್ನಬಹುದು. ರೊಕ್ಕ ತೆಗೆದುಕೊಂಡ ಮೇಲೆ ಬೇಡವೆನ್ನುವ ಹಾಗಿಲ್ಲ. ತಾಯಿಗೆ ಬೇಕಾದದ್ದು ಆ ಭರವಸೆ. ಕೂಲಿಯ ಆಳು ಒಂದು ದಿನ ತಪ್ಪಿದರೆ ಹೊಲದ ಒಡೆಯನು ಮರುದಿನ ಬೇರೊಬ್ಬಳನ್ನು ಕರೆಯುವನು.

ಇನ್ನು ಲೆಕ್ಕ. ಗಂಡಸರು ಇದನ್ನೋದಿ ನಕ್ಕರೆ ನಗಲಿ. ಕೂಲಿಯ ದರವು ಹಂಗಾಮಿಗೊಮ್ಮೆ ಬದಲಾಗುವದರಿಂದ, ಒಬ್ಬ ಹೆಣ್ಣಾಳಿನ ಒಂದು ದಿನದ ಕೂಲಿಯನ್ನು ಹಳೆಯ ರೂಢಿಯ ಮೇರೆಗೆ ಹದಿನಾರು ಆಣೆಯೆಂದು ಹಿಡಿಯೋಣ. ತನ್ನ ದುಡಿಮೆಯ ಕಾಲುಭಾಗಕ್ಕಿಂತ ಹೆಚ್ಚು ಕೊಡುವದು ಯಾವ ತಾಯಿಗೂ ಗಿಟ್ಟದು. ಹಾಗಾದರೆ ಕೂಸಿಗೆ ನಾಲ್ಕು ಆಣೆ. ಒಬ್ಬಳೇ ಐದು ಕೂಸುಗಳನ್ನು ಇಟ್ಟುಕೊಂಡರೆ ಇಪ್ಪತ್ತು ಆಣೆ ಬರುವದು. ಹದಿನಾರು ಅವಳ ಕೂಲಿ, ನಾಲ್ಕು ಉಳಿತಾಯ. ಸಾಬೂನು, ಉರುವಲು, ಹಾಸಿಗೆ ಅರಿವೆಗಳಿಗೆ ಅದು ಸಾಲಬಹುದು. ಆದರೆ ಒಬ್ಬಳೇ ಇರುವ ಮನೆಯಲ್ಲಿ ಒಂದು ಕೂಸಿಗೆ ಜ್ವರ ಬಂದು ಅದರ ತಾಯಿಯನ್ನು ಕರೆತರಬೇಕಾದರೆ ಉಳಿದ ನಾಲ್ಕನ್ನು ಯಾರಿಗೆ ಬಿಡುವದು? ಆದ್ದರಿಂದ ಇಬ್ಬರು ಹೆಂಗಸರು ಬೇಕೇ ಬೇಕು. ಇಬ್ಬರ ಕೂಲಿ ಮೂವತ್ತೆರಡು ಆಣೆ. ಎಂಟು ಕೂಸುಗಳಿದ್ದರೆ ಬರುವದೂ ಮೂವತ್ತೆರಡೇ, ಸಾಬೂನಿಗೂ ಕಾಸಿಲ್ಲ. ಹತ್ತಾದರೆ ನಾಲ್ವತ್ತು ಆಣೆ ಬಂದು ಎಂಟು ಉಳಿಯುವದು. ಆ ಎಂಟರಲ್ಲಿ ಹತ್ತು ಬಾಯಿಗೆ ಅನ್ನವನ್ನೂ ಬೇಯಿಸುತ್ತೇವೆಂದರೆ ಆಗದ ಮಾತು. ಊಟವು ಪ್ರತಿಯೊಂದು ಕೂಸಿನ ಮನೆಯಿಂದಲೇ ಡಬ್ಬಿಯಲ್ಲಿ ಬರಲಿ. ಇಬ್ಬರು ಕೂಸುಗಳಿರುವ ತಾಯಿಯು ಅರ್ಧ ಕೂಲಿ ಕೊಟ್ಟಾಳೆಯೇ? ಕೊಡಲಾರಳು. ಅವಳ ಎರಡನೆಯ ಕೂಸಿಗೆ ರಿಯಾಯಿತಿ ಕೊಡುವದಾದರೆ ಆ ಕೊರತೆಯನ್ನು ತುಂಬಲು ಸ್ವಸಹಾಯ ಸಂಘದವರನ್ನೋ ಪಂಚಾಯತಿಯನ್ನೋ ಕೇಳಬೇಕು, ಕೇಳುವದಕ್ಕೆ ನಾಚಬಾರದು.

ಇಲ್ಲಿಯೇ ಲೋಭವು ಬಾಗಿಲು ತಟ್ಟುವದು. ಹತ್ತರ ಬದಲು ಇಪ್ಪತ್ತು ಕೂಸುಗಳಾದರೆ ಎಂಬತ್ತು ಆಣೆ. ಇಬ್ಬರ ಕೂಲಿ ಕಳೆದು ನಾಲ್ವತ್ತೆಂಟು ಲಾಭ! ಆದರೆ ಇಬ್ಬರ ಕೈಗಳು ನಾಲ್ಕೇ. ಇಪ್ಪತ್ತು ಕೂಸುಗಳನ್ನು ನಾಲ್ಕು ಕೈಗಳಿಂದ ಸುಮ್ಮನಿರಿಸುವ ಉಪಾಯವನ್ನು ಹಿಂದೆ ಜನರು ಕಂಡುಹಿಡಿದಿದ್ದರು. ೧೯೨೦ರ ದಶಕದಲ್ಲಿ, ನಮ್ಮ ಧಾರವಾಡ ಜಿಲ್ಲೆಯೂ ಮುಂಬಯಿ ಇಲಾಖೆಯಲ್ಲಿದ್ದಾಗ, ಮುಂಬಯಿಯ ಗಿರಣಿಗಳಿಗೆ ಹೋಗುವ ತಾಯಂದಿರು ಕೂಸುಗಳಿಗೆ ಅಫೀಮಿನ ಗುಳಿಗೆ ನುಂಗಿಸಿ ಮಲಗಿಸಿ ಹೋಗುತ್ತಿದ್ದರು. ಅವರು ಕ್ರೂರಿಗಳೆಂದು ನಾವು ಹೇಳುವದಿಲ್ಲ, ಅವರಿಗೆ ಕೈಗಳಿರಲಿಲ್ಲ. ಇಂದು ಗುಳಿಗೆ ಇಲ್ಲದಿದ್ದರೂ ಕೆಮ್ಮಿನ ಔಷಧಿಯ ಒಂದು ಚಮಚವಿದೆ, ಮುಖದ ಮುಂದೆ ಹಿಡಿಯುವ ಮೊಬೈಲಿದೆ. ಸದ್ದಿಲ್ಲದ ಶಿಶುಗೃಹವನ್ನು ಕಂಡ ತಾಯಿಯು ಸಂತೋಷಪಡುವ ಮೊದಲು ಒಳಗೆ ಹೋಗಿ ನೋಡಲಿ. ಸರಕಾರವು ಉದ್ಯೋಗಸ್ಥ ತಾಯಂದಿರ ಶಿಶುಗೃಹಗಳಿಗೆ ಕೊಟ್ಟ ಸೂಚನೆಗಳಲ್ಲಿ ಮೂರು ವರುಷದೊಳಗಿನ ಹತ್ತು ಮಕ್ಕಳಿಗೆ ಒಬ್ಬ ಪಾಲಕಿ, ಒಬ್ಬ ಸಹಾಯಕಿ ಎಂದಿದೆ. ನಮ್ಮ ಅಭಿಪ್ರಾಯದಲ್ಲಿ ಆ ಹತ್ತರಲ್ಲಿಯೂ ಇನ್ನೂ ನಡೆಯಲಾರದವು ನಾಲ್ಕಕ್ಕೆ ಮೀರಬಾರದು. ಬೆಂಕಿ ಹತ್ತಿದರೆ ಒಬ್ಬೊಬ್ಬಳು ಎರಡೆರಡನ್ನು ಎತ್ತಿಕೊಂಡು ಹೊರಬೀಳಬೇಕಲ್ಲ?

ಮನೆಯ ವಿಷಯವಾಗಿ ಬಹಳ ಹೇಳಬೇಕಾದದ್ದಿಲ್ಲ. ಪಡಸಾಲೆಗೂ ಅಡಿಗೆಯ ಮನೆಗೂ ನಡುವೆ ಕೂಸು ದಾಟಲಾರದ ಕಟ್ಟಿಗೆಯ ತಡೆ, ಹಿತ್ತಲ ಬಾಗಿಲಿಗೆ ಮೇಲೆ ಚಿಲಕ, ಬಾವಿಗೂ ನೀರಿನ ಹೌದಿಗೂ ಮುಚ್ಚಳ. ಗೇಣು ನೀರಿರುವ ಬಕೀಟಿನಲ್ಲಿಯೂ ತಲೆಕೆಳಗಾದ ಕೂಸು ಮುಳುಗಬಹುದೆಂಬದನ್ನು ಎಷ್ಟೋ ಮಂದಿ ನಂಬುವದಿಲ್ಲ. ಬಕೀಟನ್ನು ಬರಿದು ಮಾಡಿ ಬೋರಲಿಡಬೇಕು. ಪೀಕಿಗೆ ಹೊಡೆಯುವ ಔಷಧಿಯ ಡಬ್ಬಿಯು ಅಟ್ಟದ ಮೇಲೆ ಕೂಡ ಬೇಡ, ಆ ಮನೆಯಲ್ಲಿಯೇ ಬೇಡ. ಪುಟಾಣಿ, ಇಡಿಯ ಶೇಂಗಾಕಾಳು ಇವೆರಡು ನಮ್ಮ ಕಡೆಯ ಮಕ್ಕಳ ಕೈಯಲ್ಲಿ ಯಾವಾಗಲೂ ಇರುವವು. ಇವು ಉಸಿರುನಾಳಕ್ಕೆ ಹೋದರೆ ಪ್ರಾಣಕ್ಕೆ ಕುತ್ತು. ಡಬ್ಬಿಯಲ್ಲಿ ಬಂದರೂ ಅಕ್ಕರೆಯಿಂದಲೇ ತಿರುಗಿ ಕಳಿಸಬೇಕು. ಮೆತ್ತಗೆ ಬೇಯಿಸಿದ ಹೆಸರುಬೇಳೆಯ ಕಿಚಡಿ, ಗಂಜಿ, ಬಾಳೆಯ ಹಣ್ಣು ಸಾಕು. ವರುಷ ತುಂಬದ ಕೂಸಿಗೆ ಜೇನು ನೆಕ್ಕಿಸಬಾರದು.

ಆರು ತಿಂಗಳೊಳಗಿನ ಕೂಸಿಗೆ ತಾಯಿಯ ಹಾಲೇ ಆಹಾರ; ನೀರೂ ಬೇಡ. ಹೊಲವು ಸಮೀಪವಿದ್ದರೆ ತಾಯಿ ನಡುವೆ ಬಂದು ಹಾಲುಣಿಸಿ ಹೋಗುವಂತೆ ಹೊಲದ ಒಡೆಯರನ್ನು ಒಪ್ಪಿಸಬೇಕು. ಹಿಂಡಿಟ್ಟ ಹಾಲು ತಂಪಾದ ಜಾಗದಲ್ಲಿ ಸುಮಾರು ನಾಲ್ಕು ತಾಸು ಇರಬಲ್ಲದು. ಬೇಸಿಗೆಯಲ್ಲಿ ಅಷ್ಟನ್ನೂ ನಂಬಬಾರದು. ಅದನ್ನು ತೊಳೆದು ಕುದಿಸಿದ ಬಟ್ಟಲು-ಚಮಚಗಳಿಂದ ಕುಡಿಸಬೇಕು, ಸೀಸೆಯಿಂದಲ್ಲ. ಇಷ್ಟು ಚಿಕ್ಕ ಕೂಸನ್ನು ಮೊದಲ ವರುಷ ಒಪ್ಪಿಕೊಳ್ಳದಿರುವದೇ ಹೊಸಬರಿಗೆ ಲೇಸು.

ಕೆಲವು ಮಾತುಗಳನ್ನು ಮುಂಚಿತವಾಗಿಯೇ ಒಂದು ವಹಿಯಲ್ಲಿ ಬರೆದಿಡಬೇಕು. ಆಮೇಲೆ ಹೇಳಿದರೆ ಜಗಳವಾಗುವದು. ಜ್ವರ, ವಾಂತಿ, ಭೇದಿ ಇದ್ದ ದಿನ ಕೂಸು ಬರಕೂಡದು. ಚುಚ್ಚುಮದ್ದಿನ ಕಾರ್ಡನ್ನು ಮೊದಲ ದಿನ ತೋರಿಸಬೇಕು. ಒಂಬತ್ತು ತಿಂಗಳು ತುಂಬಿದ ಕೂಸಿಗೆ ದಡಾರದ ಮದ್ದು ಆಗಿರಬೇಕು. ಸಂಜೆ ಕೂಸನ್ನು ಯಾರ ಕೈಗೆ ಕೊಡತಕ್ಕದ್ದೆಂದು ತಾಯಿಯೇ ಹೆಸರು ಹೇಳಿರಬೇಕು. ಕುಡಿದು ಬಂದವನ ಕೈಗೆ, ಅವನು ತಂದೆಯೇ ಆಗಿರಲಿ, ಕೊಡಬಾರದು. ಈ ಒಂದು ನಿಯಮದ ಸಲುವಾಗಿ ಬೈಗಳನ್ನು ತಿನ್ನಬೇಕಾದೀತು, ತಿನ್ನಬೇಕು. ೧೦೮ರ ಅಂಕೆಗಳನ್ನೂ ಆಶಾ ಕಾರ್ಯಕರ್ತೆಯ ಫೋನನ್ನೂ ಗೋಡೆಯ ಮೇಲೆ ದೊಡ್ಡದಾಗಿ ಬರೆದಿರಬೇಕು. ಕೂಲಿ ಸಿಗದ ದಿನಗಳಲ್ಲಿ ತಾಯಿಯು ಏನು ಕೊಡಬೇಕೆಂಬದು ಎಲ್ಲಕ್ಕಿಂತ ಕಠಿಣ. ಹಂಗಾಮಿನಲ್ಲಿ ವಾರಕ್ಕೊಮ್ಮೆ ಹಣ, ಹಂಗಾಮಿಲ್ಲದಾಗ ಮನೆಯನ್ನೇ ಮುಚ್ಚುವದು — ನಮಗೆ ಸರಿದೋರಿದ್ದು ಇದು. ತಂಬೂರದಂಥ ಊರಿನಲ್ಲಿ ವರುಷವಿಡೀ ನಡೆಸುವೆನೆಂದು ಹೊರಟವಳು ಬೇಸಿಗೆಯಲ್ಲಿ ಸಾಲ ಮಾಡಬೇಕಾಗಬಹುದು.

ಹಾಗಾದರೆ ಯಾವಾಗ ಪ್ರಾರಂಭಿಸುವದು? ಮಿರಗಕ್ಕೆ ಹದಿನೈದು ದಿನ ಮೊದಲು, ಎರಡೇ ಕೂಸುಗಳಿಂದ. ಕೆಲಸದ ಅವಸರವಿಲ್ಲದ ಆ ದಿನಗಳಲ್ಲಿ ತಾಯಿಯು ಮೊದಲೆರಡು ದಿನ ಪಡಸಾಲೆಯಲ್ಲಿಯೇ ಕೂತಿರಲಿ, ಮೂರನೆಯ ದಿನ ಕಟ್ಟೆಯ ಮೇಲೆ, ನಾಲ್ಕನೆಯ ದಿನ ಒಂದು ತಾಸು ಮರೆಯಾಗಲಿ. ಹೇಳದೆ ಕದ್ದು ಹೋಗುವದು ಬೇಡ. ಅಳಲಿ, ಆದರೂ ಹೇಳಿಯೇ ಹೋಗಬೇಕು. ಕೂಸು ಮಲಗುವ ಚಾಪೆಯ ಮೇಲೆ ತಾಯಿ ಉಟ್ಟು ಬಿಟ್ಟ ಹಳೆಯ ಸೀರೆಯನ್ನು ಸುಕ್ಕಿಲ್ಲದಂತೆ ಬಿಗಿಯಾಗಿ ಹಾಸಿ, ಕೂಸನ್ನು ಅಂಗಾತ ಮಲಗಿಸಬೇಕು. ಆ ಸೀರೆಯ ವಾಸನೆ ಅದಕ್ಕೆ ಗೊತ್ತು.