ನೆಟಿಗೆ ಮುರಿದರೆ ನಾಳ ಅಗಲವಾದೀತೆ?

ಆಂಧ್ರದ ಅನಂತಪುರ ಜಿಲ್ಲೆಯ ಬೆಳುಗುಪ್ಪದ ಕಡಲೆಕಾಯಿ ಹೊಲಗಳಲ್ಲಿ ಬಗ್ಗಿ ಬಗ್ಗಿ ಬದುಕು ಸವೆಸಿದವರಿಗೆ ಅರವತ್ತು ದಾಟುತ್ತಲೇ ಒಂದು ವಿಚಿತ್ರ ಕಾಟ ಶುರುವಾಗುತ್ತದೆ. ನಾಲ್ಕು ಮಾರು ನಡೆದರೆ ತೊಡೆಯಿಂದ ಮೀನಖಂಡದವರೆಗೆ ಸೆಳೆತ, ಜುಮ್ಮು. ಕಟ್ಟೆಯ ಮೇಲೆ ಮುಂದಕ್ಕೆ ಬಾಗಿ ಕೂತರೆ ಆರಾಮ. ಅದೇ ಮನುಷ್ಯ ಸೈಕಲ್ ತುಳಿದು ಪಕ್ಕದೂರಿಗೆ ಹೋಗಿಬರಬಲ್ಲ. ಮನೆಯವರಿಗೆ ಇದು ನಾಟಕದಂತೆ ಕಾಣುತ್ತದೆ. ಬಾಗಿದಾಗ ಬೆನ್ನೆಲುಬಿನೊಳಗಿನ ನಾಳ ತುಸು ಅಗಲವಾಗುತ್ತದೆ, ನೆಟ್ಟಗೆ ನಿಂತಾಗ ಕಿರಿದಾಗಿ ನರಗಳನ್ನು ಹಿಸುಕುತ್ತದೆ, ಅಷ್ಟೇ. ನಮ್ಮ ಜನ ಇದಕ್ಕೂ 'ಗ್ಯಾಪ್ ಬಂದಿದೆ' ಎನ್ನುತ್ತಾರೆ. ನಿಜಕ್ಕೂ ಆಗಿರುವುದು, ಇದ್ದ ಗ್ಯಾಪೂ ಹೋಗಿರುವುದು! ವೈದ್ಯರು ಅದನ್ನು ಸ್ಪೈನಲ್ ಸ್ಟೆನೋಸಿಸ್ ಎಂದು ಕರೆಯುತ್ತಾರೆ.

ಈ ಕಾಟಕ್ಕೆ ಮದ್ದು ಹುಡುಕುತ್ತ ಈಗ ಮೊಬೈಲ್ ತೆರೆದರೆ ಸಾಕು, ಕೈರೋಪ್ರಾಕ್ಟಿಕ್ ವಿಡಿಯೊಗಳು. ಕುತ್ತಿಗೆ ತಿರುಚಿದರೆ ಲಟಕ್, ಸೊಂಟ ತಿರುಚಿದರೆ ಲಟಕ್, ರೋಗಿ ನಗುತ್ತಾ ಎದ್ದು ನಡೆದ. 'ಆಪರೇಷನ್ ಇಲ್ಲದೆ ಗುಣ' ಎಂಬ ಬರಹ ಬೇರೆ. ಮೂಳೆ ಮುರಿದರೆ ತಿರುಪತಿ ಕಡೆಯ ಪುತ್ತೂರಿನ ಮೂಳೆಕಟ್ಟಿಗೆ ಬಸ್ ಹತ್ತುವ ಸೀಮೆ ನಮ್ಮದು. ಕೈಚಳಕವನ್ನು ನಂಬುವುದು ನಮಗೆ ಹೊಸದಲ್ಲ. ಆದರೆ ಆ ಲಟಕ್ ಬೆರಳಿನ ನೆಟಿಗೆ ಮುರಿದಾಗ ಬರುವಂಥದೇ ಸದ್ದು, ಕೀಲಿನ ದ್ರವದಲ್ಲಿ ಅನಿಲದ ಗುಳ್ಳೆ ಏಳುವುದರಿಂದ ಬರುವುದು. ದಪ್ಪಗಾದ ತಂತುಕಟ್ಟು, ಬೆಳೆದ ಮೂಳೆ ಆ ಸದ್ದಿಗೆ ಹೆದರಿ ಹಿಂದೆ ಸರಿಯುವುದಿಲ್ಲ.

ಹಾಗೆಂದು ಕೈಯಿಂದ ಮಾಡುವ ಚಿಕಿತ್ಸೆಯೆಲ್ಲ ಮೋಸ ಎನ್ನಲಾರೆ. ಅಮೆರಿಕದಲ್ಲಿ 259 ಮಂದಿ ಸ್ಟೆನೋಸಿಸ್ ರೋಗಿಗಳ ಮೇಲೆ ನಡೆದು 2019ರಲ್ಲಿ ಪ್ರಕಟವಾದ ಅಧ್ಯಯನವಿದೆ. ಮೃದುವಾದ ಹಸ್ತಚಿಕಿತ್ಸೆ ಮತ್ತು ವ್ಯಾಯಾಮ ಎರಡೂ ಸಿಕ್ಕವರಿಗೆ ಎರಡು ತಿಂಗಳಲ್ಲಿ ಉಳಿದವರಿಗಿಂತ ಹೆಚ್ಚು ಹಿತವಾಯಿತು. ಆರು ತಿಂಗಳಿಗೆ ಆ ವ್ಯತ್ಯಾಸ ಉಳಿಯಲಿಲ್ಲ. ಶಸ್ತ್ರಚಿಕಿತ್ಸೆಯನ್ನೂ ಫಿಸಿಯೋಥೆರಪಿಯನ್ನೂ ಹೋಲಿಸಿದ 2015ರ ಇನ್ನೊಂದು ಅಧ್ಯಯನದಲ್ಲಿ ಎರಡು ವರ್ಷದ ಕೊನೆಗೆ ಎರಡು ಗುಂಪೂ ಸಮಸಮ. ಆದರೆ ಫಿಸಿಯೋಥೆರಪಿ ಗುಂಪಿನ ಅರ್ಧಕ್ಕಿಂತ ಹೆಚ್ಚು ಜನ ನಡುವೆಯೇ ಆಪರೇಷನ್ ಮಾಡಿಸಿಕೊಂಡಿದ್ದರು. ಆದ್ದರಿಂದ ಆಪರೇಷನ್ ಎಲ್ಲರಿಗೂ ಬೇಕಿಲ್ಲ, ಬೇಡವೇ ಬೇಡ ಎನ್ನುವವರ ಮಾತೂ ಸುಳ್ಳು.

ನನ್ನ ಜಗಳ ಇರುವುದು ಬೇರೆ ಕಡೆ. ಇದು ಫ್ಲೋರೈಡ್ ನೀರಿನ ಸೀಮೆ. ಫ್ಲೋರೈಡಿನಿಂದ ಮೂಳೆ ಕೆಡುವುದನ್ನು ಭಾರತದಲ್ಲಿ ಮೊದಲು ವರದಿ ಮಾಡಿದ್ದು 1937ರಲ್ಲಿ, ಆಗಿನ ಮದ್ರಾಸ್ ಪ್ರಾಂತ್ಯದ ನೆಲ್ಲೂರು ಭಾಗದಿಂದ. ಅನಂತಪುರ ಜಿಲ್ಲೆಯೂ ಗಡಿಯಾಚೆ ಕರ್ನಾಟಕದ ಪಾವಗಡವೂ ಅದೇ ವಿಷ ಕುಡಿದವು. 1990ರ ದಶಕದಲ್ಲಿ ಸತ್ಯಸಾಯಿ ಕುಡಿಯುವ ನೀರಿನ ಯೋಜನೆ ಜಿಲ್ಲೆಯ ನೂರಾರು ಹಳ್ಳಿಗಳಿಗೆ ಬಂತು, ಸರಿ. ಅದಕ್ಕೂ ಮೊದಲು ಬೋರಿನ ನೀರಿನಲ್ಲೇ ಬೆಳೆದ ಮೈಗಳು? ಲೀಟರಿಗೆ 1.5 ಮಿಲಿಗ್ರಾಂ ದಾಟಿದ ನೀರನ್ನು ದಶಕಗಟ್ಟಲೆ ಕುಡಿದವರಲ್ಲಿ ಬೆನ್ನಿನ ತಂತುಕಟ್ಟುಗಳೇ ಮೂಳೆಯಾಗಿ ಗಟ್ಟಿಕಟ್ಟಬಹುದು, ಬೆನ್ನುಹುರಿಯನ್ನು ಅಮುಕಬಹುದು. ಕಂಬದಂತಾದ ಅಂಥ ಕುತ್ತಿಗೆಯನ್ನು ಎಕ್ಸ್‌ರೇ ಕೂಡ ನೋಡದೆ ಜಾಡಿಸಿ ತಿರುಚಿದರೆ ಕೈಕಾಲೇ ಬಿದ್ದುಹೋಗುವ ಅಪಾಯವಿದೆ. 1895ರಲ್ಲಿ ಅಮೆರಿಕದ ಡ್ಯಾವೆನ್‌ಪೋರ್ಟ್‌ನಲ್ಲಿ ಕೈರೋಪ್ರಾಕ್ಟಿಕ್ ಪದ್ಧತಿ ಹುಟ್ಟುಹಾಕಿದ ಡಿ.ಡಿ. ಪಾಮರ್‌ಗೆ ನಮ್ಮ ಬೋರಿನ ನೀರು ಗೊತ್ತಿರಲಿಲ್ಲ, ಇಲ್ಲಿ ನೆಟಿಗೆ ಮುರಿಯುವವರಿಗೆ ಗೊತ್ತಿರಬೇಕಲ್ಲ? ಚಪ್ಪಲಿ ಜಾರಿದ್ದು ಗೊತ್ತಾಗದವರನ್ನು, ಉಚ್ಚೆಯ ಮೇಲೆ ಹಿಡಿತ ತಪ್ಪಿದವರನ್ನು ಇವರು ಮುಟ್ಟಲೇಬಾರದು. ಅಂಥವರಿಗೆ ಆ ದಿನವೇ ದೊಡ್ಡಾಸ್ಪತ್ರೆ.

ಇನ್ನು ಈ ನೆಟಿಗೆ ಮುರಿಯುವವರನ್ನೆಲ್ಲ ಗೇಲಿ ಮಾಡುವ ಡಾಕ್ಟರರಿಗೂ ಒಂದು ಮಾತು. ಐದು ನಿಮಿಷದಲ್ಲಿ ಎಂಆರ್‌ಐ ನೋಡಿ 'ಆಪರೇಷನ್ನೇ ಗತಿ' ಎಂದು ಚೀಟಿ ಬರೆದರೆ ಹೆದರಿದ ರೈತ ಇನ್ನೆಲ್ಲಿಗೆ ಹೋಗಬೇಕು? 2007ರಲ್ಲಿ ಆಂಧ್ರದಲ್ಲಿ ಆರೋಗ್ಯಶ್ರೀ ಹೆಸರಿನಲ್ಲಿ ಶುರುವಾದ ಸರ್ಕಾರಿ ಯೋಜನೆ ಮುಖ್ಯವಾಗಿ ಆಸ್ಪತ್ರೆ ಸೇರಿ ಮಾಡಿಸಿಕೊಳ್ಳುವ ಚಿಕಿತ್ಸೆಗೆ. ವಾರಕ್ಕೆರಡು ಸಲ ಮೈಮುಟ್ಟಿ ವ್ಯಾಯಾಮ ಕಲಿಸುವ ಫಿಸಿಯೋಥೆರಪಿಸ್ಟ್ ಬೇಕೆಂದರೆ ಬಸ್ಸಿನ ದುಡ್ಡು, ಹೋದ ಕೂಲಿ ಎರಡೂ ರೋಗಿಯದೇ. ಮಂಡಲಕ್ಕೊಬ್ಬ ಫಿಸಿಯೋಥೆರಪಿಸ್ಟ್ ಇರಲಿ, ಸಂತೆಯ ದಿನವಾದರೂ ಬಂದು ಕೂರಲಿ. ರೋಗಿಯ ಬೆನ್ನು ಮುಟ್ಟುವ ಮೊದಲು, ಹಿಂದೆ ಯಾವ ಬೋರಿನ ನೀರು ಕುಡಿಯುತ್ತಿದ್ದಿರಿ ಎಂದು ಕೇಳಲಿ.