ದೀಪ ಹಚ್ಚುವ ಹೊತ್ತಿಗೆ

ಸೋದರಿಯರೇ, ಈ ಸಲ ಅಡುಗೆಮನೆ ಬಿಟ್ಟು ಒಂದು ಪುಸ್ತಕದ ಮಾತು. ದೀಪಾವಳಿಗೆ ಸಾವಳಗಿಗೆ ಬಂದಿದ್ದ ತಂಗಿಯ ಮಗಳು ಇಂಗ್ಲಿಷ್ ಕಾದಂಬರಿಯೊಂದನ್ನು ದಿಂಬಿನ ಕೆಳಗೆ ಮರೆತು ಬೆಂಗಳೂರಿಗೆ ಹೋದಳು. ಮರೆತಳೋ, ಬೇಕಂತಲೇ ಬಿಟ್ಟಳೋ, ಇವತ್ತಿಗೂ ನನಗೆ ಅನುಮಾನ. ರೊಟ್ಟಿ ಬಡಿದು ಮುಗಿದ ಮೇಲೆ ಡಿಕ್ಷನರಿ ಪಕ್ಕಕ್ಕಿಟ್ಟುಕೊಂಡು ಓದಲು ಕೂತೆ. ಹದಿಹರೆಯದ ಇಬ್ಬರು ಹುಡುಗಿಯರು, ಇಬ್ಬರೂ ಯಹೂದಿಗಳು. ಒಬ್ಬರನ್ನೊಬ್ಬರು ಪ್ರೀತಿಸುತ್ತಾರೆ. ಬರೀ ಗೆಳತಿಯರ ಸಲಿಗೆಯಲ್ಲ. ನಮ್ಮ ಕಾದಂಬರಿಗಳಲ್ಲಿ ನಾಯಕ ನಾಯಕಿ ಪ್ರೀತಿಸುತ್ತಾರಲ್ಲ, ಹಾಗೆ.

ನಿಜ ಹೇಳುತ್ತೇನೆ, ಮೊದಲು ಪುಸ್ತಕ ಮುಚ್ಚಿಟ್ಟೆ. ಮತ್ತೆ ತೆರೆಸಿದ್ದು ಅವರ ಶುಕ್ರವಾರದ ಸಂಜೆ. ಯಹೂದಿ ಮನೆಗಳಲ್ಲಿ ಅಂದು ಹೊತ್ತು ಮುಳುಗುವ ಮೊದಲೇ ಮನೆಯೊಡತಿ ಮೇಣದಬತ್ತಿ ಹಚ್ಚಿ, ಅಂಗೈಯಿಂದ ಕಣ್ಣು ಮುಚ್ಚಿಕೊಂಡು ಪ್ರಾರ್ಥಿಸುತ್ತಾಳೆ. ಮಡಿವಂತರ ಮನೆಯಲ್ಲಿ ಶನಿವಾರ ಕತ್ತಲಾಗುವವರೆಗೂ ಒಲೆ ಹೊತ್ತಿಸುವಂತಿಲ್ಲ, ಅಡುಗೆಯೆಲ್ಲ ಮೊದಲೇ ಆಗಬೇಕು. ಖಲ್ಲಾ ಎಂಬ ಬ್ರೆಡ್ಡನ್ನು ಹೆಣ್ಣುಮಕ್ಕಳ ಜಡೆಯ ಹಾಗೆ ಹೆಣೆದು ಬೇಯಿಸುತ್ತಾರೆ. ಇಂಥ ಮನೆಯ ಹುಡುಗಿಗೆ ಇರುವ ಭಯ ಒಂದೇ: ಮನಸ್ಸಿನ ಮಾತು ಹೇಳಿದರೆ ಆ ದೀಪದ ಮುಂದೆ ನನಗೆ ಜಾಗ ಉಳಿದೀತೆ?

ಅವರಲ್ಲೂ ಎಲ್ಲರದೂ ಒಂದೇ ಮಾತಲ್ಲ. ಅಮೆರಿಕದ ಸುಧಾರಣಾವಾದಿ ಯಹೂದಿ ಗುರುಗಳ ಸಂಘ 2000ರಲ್ಲಿ ಇಂಥ ಜೋಡಿಗಳಿಗೆ ವಿಧಿ ನಡೆಸಿಕೊಡುವ ಗುರುಗಳ ಬೆಂಬಲಕ್ಕೆ ನಿಂತಿತು. ಸಂಪ್ರದಾಯಸ್ಥರು ಒಪ್ಪಲಿಲ್ಲ.

"ನಮ್ಮಲ್ಲಿ ಇಂಥ ಹುಡುಗ್ಯಾರು ಇಲ್ಲೇನವಾ?" ಅಂತ ಫೋನಿನಲ್ಲಿ ಕೇಳಿದೆ. "ಅದಾರ ದೊಡ್ಡವ್ವ, ಪುಸ್ತಕ ಇಲ್ಲ," ಅಂದಳು.

ಹುಡುಗರ ಕಥೆಗೆ ವಸುಧೇಂದ್ರ ಅವರ 'ಮೋಹನಸ್ವಾಮಿ' 2013ರಲ್ಲೇ ಬಂತು. ಮಲಯಾಳಂನಲ್ಲಿ ವಿ.ಟಿ. ನಂದಕುಮಾರ್ ಇಬ್ಬರು ಹುಡುಗಿಯರ ಕಾದಂಬರಿಯನ್ನು 1974ರಷ್ಟು ಹಿಂದೆಯೇ ಬರೆದರು. ಆದರೆ ಕನ್ನಡದ ಹುಡುಗಿ ತನ್ನಂಥವಳನ್ನು ಹುಡುಕಿಕೊಂಡು ಇಂಗ್ಲಿಷಿಗೆ, ಅದೂ ಯಹೂದಿ ಮನೆಗೆ ಹೋಗಬೇಕಾಯಿತು! ಮನೆಯ ಹೆಣ್ಣಿನ ಮನೋರೋಗವನ್ನು ಬಾಗಿಲು ಹಾಕಿ ಬಚ್ಚಿಡುತ್ತಿದ್ದ ಕಾಲದಲ್ಲಿ ತ್ರಿವೇಣಿಯವರು 'ಶರಪಂಜರ' ಬರೆದರಲ್ಲ, ಹಾಗೆ ಒಬ್ಬಾಕೆ ಇದನ್ನೂ ಬರೆಯಬಾರದೇ?

ಹಾಗಂತ ಇದನ್ನು ರೋಗ ಅಂದುಕೊಳ್ಳಬೇಡಿ. ವಿಶ್ವ ಆರೋಗ್ಯ ಸಂಸ್ಥೆ ರೋಗಗಳ ಪಟ್ಟಿಯಿಂದ ಇದನ್ನು 1990ರಲ್ಲೇ ತೆಗೆದುಹಾಕಿದೆ. ವಯಸ್ಕರ ನಡುವಿನ ಇಂಥ ಸಂಬಂಧ ಅಪರಾಧವಲ್ಲವೆಂದು ಸುಪ್ರೀಂ ಕೋರ್ಟು 2018ರ ಸೆಪ್ಟೆಂಬರ್ 6ರಂದು ಹೇಳಿತು; ಮದುವೆಯ ಹಕ್ಕನ್ನು ಮಾತ್ರ 2023ರಲ್ಲಿ ಕೊಡಲಿಲ್ಲ.

ನಮ್ಮ ಕಡೆ ಇಂಥದ್ದರ ಸುಳಿವು ಸಿಕ್ಕರೆ ಮಾಡುವ ಮೊದಲ ಕೆಲಸವೇ ಗಂಡು ಹುಡುಕುವುದು. "ಲಗ್ನ ಆದ್ರ ಎಲ್ಲಾ ಸರಿ ಹೋಗ್ತದ." ಏನು ಸರಿ ಹೋಗ್ತದ್ರೀ? ಮಗಳ ಬಾಳಿನ ಜೊತೆ, ಏನೂ ಅರಿಯದ ಇನ್ನೊಬ್ಬ ತಾಯಿಯ ಮಗನ ಬಾಳೂ ಕೆಟ್ಟಿತು. ಅವಳ ಓದು ಮುಗಿಯಲಿ, ಕೈಗೊಂದು ಕೆಲಸ ಸಿಗಲಿ. ಅಲ್ಲಿಯವರೆಗೆ ಫೋನು ಕಸಿಯುವುದು, ಕಾಲೇಜು ಬಿಡಿಸುವುದು ಬೇಡ. ಅವಳು ಹೇಳಿದ್ದು ನಿಮಗೆ ಅರ್ಥವಾಗದಿದ್ದರೆ ಅರ್ಥವಾಗಲಿಲ್ಲ ಅನ್ನಿ; ತಾಟು ಮಾತ್ರ ಎಂದಿನಂತೆ ಹಾಕಿ.

ಹೋದ ವಾರ ಪರಿಚಯದ ಹೆಣ್ಣುಮಗಳೊಬ್ಬರು ಹೆಪ್ಪಿಗೆ ಮಜ್ಜಿಗೆ ಕೇಳಲು ಬಂದರು. ಮಜ್ಜಿಗೆ ಕೊಟ್ಟ ಮೇಲೂ ಹೊರಡಲಿಲ್ಲ. ಮಗಳ ಬಗ್ಗೆ ಅರ್ಧ ಮಾತು ಆಡಿ, ಸೆರಗಿನ ತುದಿ ಸುತ್ತುತ್ತ ಕೂತರು. ನಾನು ಏನೂ ಕೆದಕಲಿಲ್ಲ, ಕಥೆಯಷ್ಟೇ ಹೇಳಿದೆ. ಪೂರ್ತಿ ಕೇಳಿ, "ಕಡೀಕ ಅವ್ವ ಏನಂದ್ಲು?" ಅಂತ ಕೇಳಿದರು.

ಪುಸ್ತಕ ಈಗ ನಮ್ಮ ಮನೆಯಲ್ಲಿಲ್ಲ. ಯಾರ ಮನೆಯಲ್ಲಿದೆ ಅಂತ ಕೇಳಬೇಡಿ.