ಫ್ಯಾಬ್ ಜಗಳ ಸಾಕು, ಮೀಟರಿನೊಳಗಿನ ಚಿಪ್ ಯಾರದು ಹೇಳಿ

ಚಿಪ್ ಕಾರ್ಖಾನೆ, ಅಂದರೆ ಫ್ಯಾಬ್, ಕೈತಪ್ಪಿತೆಂಬ ಅಳಲು ಬೆಂಗಳೂರಿನಲ್ಲಿ ಇನ್ನೂ ನಿಂತಿಲ್ಲ. ಕರ್ನಾಟಕಕ್ಕೆ ಬರಬೇಕಿದ್ದ ಹೂಡಿಕೆಯನ್ನು ಗುಜರಾತಿಗೂ ಅಸ್ಸಾಮಿಗೂ ತಿರುಗಿಸುತ್ತಿದ್ದಾರೆಂದು 2025ರ ಅಕ್ಟೋಬರಿನಲ್ಲಿ ರಾಜ್ಯದ ಸಚಿವ ಪ್ರಿಯಾಂಕ್ ಖರ್ಗೆ ದೂರಿದರು. ಅಸ್ಸಾಮಿನ ಮುಖ್ಯಮಂತ್ರಿ ಹಿಮಂತ ಬಿಸ್ವ ಶರ್ಮಾ ಉರಿದುಬಿದ್ದರು. ಪತ್ರಿಕೆಗಳಿಗೆ ಹಬ್ಬ. ಇದಕ್ಕಿಂತ ತೂಕದ ಮಾತು 2024ರ ಜೂನಿನಲ್ಲೇ ಬಂದು ಹೋಗಿತ್ತು. ಆಗಷ್ಟೇ ಕೇಂದ್ರ ಸಚಿವರಾಗಿದ್ದ ಎಚ್.ಡಿ. ಕುಮಾರಸ್ವಾಮಿ, ಗುಜರಾತಿನ ಸಾನಂದ್‌ನ ಮೈಕ್ರಾನ್ ಚಿಪ್ ಘಟಕದಲ್ಲಿ ಒಂದೊಂದು ಉದ್ಯೋಗಕ್ಕೆ 3.2 ಕೋಟಿ ರೂಪಾಯಿ ಸಬ್ಸಿಡಿ ಬೀಳುತ್ತದೆ, ಪೀಣ್ಯದ ಸಣ್ಣ ಕೈಗಾರಿಕೆಗಳಿಗೆ ಏನು ಕೊಟ್ಟಿದ್ದೇವೆ ಎಂದು ಕೇಳಿದರು. 22,516 ಕೋಟಿಯ ಯೋಜನೆ. ಅರ್ಧ ಕೇಂದ್ರದ್ದು, ಐದರಲ್ಲೊಂದು ಪಾಲು ಗುಜರಾತಿನದು. ನೇರ ಉದ್ಯೋಗ 5,000. ಭಾಗಿಸಿ ನೋಡಿ, ಲೆಕ್ಕ ಹೆಚ್ಚುಕಡಿಮೆ ಸರಿಯೇ ಇದೆ. ಆದರೂ ಕುಮಾರಸ್ವಾಮಿ ಬೆನ್ನಲ್ಲೇ ಸ್ಪಷ್ಟನೆ ಕೊಟ್ಟು ಹಿಂದೆ ಸರಿದರು. ಸರಿಯಬಾರದಿತ್ತು.

ಕಾರ್ಖಾನೆಯ ಜೊತೆಗೆ ಏನೇನು ಬರುತ್ತದೆಂದು ನಮ್ಮ ಕೊಪ್ಪಳದವರಿಗೆ ಯಾರೂ ಹೇಳಿಕೊಡಬೇಕಿಲ್ಲ. 2025ರ ಫೆಬ್ರವರಿ 24ರಂದು ಗವಿಮಠದ ಶ್ರೀಗಳ ಹಿಂದೆ ಊರಿಗೆ ಊರೇ ಬೀದಿಗಿಳಿದದ್ದು ಉಕ್ಕಿನ ಕಾರ್ಖಾನೆ ಬೇಡವೆಂದು. ಹಾಗಂತ ಚಿಪ್ಪಿನ ಮಾತು ನಮಗೆ ದೂರದ್ದಲ್ಲ.

ನಮ್ಮ ಗಂಗಾವತಿಯ ದೊಡ್ಡ ರೈಸ್ ಮಿಲ್ಲಿನಲ್ಲಿ ಅಕ್ಕಿಯ ಬಣ್ಣ ನೋಡಿ ವಿಂಗಡಿಸುವ ಸಾರ್ಟೆಕ್ಸ್ ಮಷೀನ್ ಮುಂದೆ ನಿಂತು ನೋಡಿ. ಸೋನಾ ಮಸೂರಿ ಮೇಲಿಂದ ಜಾರಿ ಬೀಳುತ್ತಿರುತ್ತದೆ, ಎರಡೂ ಕಡೆಯಿಂದ ಕ್ಯಾಮೆರಾ ನೋಡುತ್ತಿರುತ್ತದೆ. ಕಪ್ಪು ಕಾಳೊಂದು ಕಂಡರೆ, ಅದು ನಳಿಕೆ ದಾಟುವುದರೊಳಗೆ ತೀರ್ಮಾನವಾಗಿ ಕಂಪ್ರೆಸರ್ ಗಾಳಿ ಟಕ್ಕೆಂದು ಪಕ್ಕಕ್ಕೆ ಹಾರಿಸುತ್ತದೆ. ಎಲ್ಲ ಕೆಲವೇ ಮಿಲಿಸೆಕೆಂಡುಗಳಲ್ಲಿ. ಇಂಥ ಮಷೀನುಗಳಲ್ಲಿ ಸಾಮಾನ್ಯವಾಗಿ ಇರುವುದು ಎಫ್‌ಪಿಜಿಎ: ಕೊಂಡ ಮೇಲೆ ಒಳಗಿನ ಜೋಡಣೆಯನ್ನು ಬೇಕಾದಂತೆ ಬದಲಿಸಿಕೊಳ್ಳಬಹುದಾದ ಚಿಪ್. ಬಿಡಿಯಾಗಿ ದುಬಾರಿ. ಆದರೂ ಇಲ್ಲಿ ಅದೇ ಸರಿ.

ಯಾಕೆಂದರೆ, ಒಂದೇ ಕೆಲಸಕ್ಕೆಂದು ವಿಶೇಷ ಚಿಪ್ ಮಾಡಿಸುವುದಾದರೆ ಮೊದಲ ಚಿಪ್ ಕೈಗೆ ಬರುವ ಮುಂಚೆಯೇ ಎಂಜಿನಿಯರುಗಳ ಸಂಬಳ, ಸಾಫ್ಟ್‌ವೇರ್ ಲೈಸೆನ್ಸ್, ಚಿಪ್ ಅಚ್ಚೊತ್ತುವ ಮಾಸ್ಕ್ ಎಂದು ಹಣ ಸುರಿಯಬೇಕು. ಅದು 30 ಕೋಟಿ ಎಂದಿಟ್ಟುಕೊಳ್ಳಿ. 3,000 ಮಷೀನುಗಳಿಗೆ ಹಂಚಿದರೆ ಚಿಪ್ಪಿಗೆ ಒಂದು ಲಕ್ಷ ರೂಪಾಯಿ ಹೊರೆ. ಯಾವ ಮಿಲ್ ಮಾಲೀಕರೂ ಒಪ್ಪುವುದಿಲ್ಲ. ಒಂದು ಕೋಟಿ ಸಾಧನಗಳಿಗೆ ಹಂಚಿದರೆ ಮೂವತ್ತೇ ರೂಪಾಯಿ. ವಿಶೇಷ ಚಿಪ್ಪಿನ ಅರ್ಥಶಾಸ್ತ್ರ ಬಹುಪಾಲು ಇಷ್ಟೇ. ಗೂಗಲ್ 2015ರಿಂದ ತನ್ನದೇ ಎಐ ಚಿಪ್ ಟಿಪಿಯು ಬಳಸಲು ಶಕ್ತವಾದದ್ದು, ಅಷ್ಟು ದೊಡ್ಡ ಗಿರಾಕಿ ತಾನೇ ಆಗಿದ್ದರಿಂದ.

ಹಾಗಾದರೆ ನಮ್ಮಲ್ಲಿ ದೊಡ್ಡ ಗಿರಾಕಿ ಯಾರು? ಸರ್ಕಾರವೇ. ದೇಶದಲ್ಲಿ 25 ಕೋಟಿ ಸ್ಮಾರ್ಟ್ ಮೀಟರ್ ಹಾಕುವ ಗುರಿಯಿದೆ. ಕುಷ್ಟಗಿ, ಯಲಬುರ್ಗಾದ ಮನೆಗಳಿಗೆ ಕರೆಂಟು ಕೊಡುವ ಜೆಸ್ಕಾಂ ಕೂಡ ಸ್ಮಾರ್ಟ್ ಮೀಟರಿನ ಗಿರಾಕಿಯೇ. ಮೀಟರಿನ ಹೃದಯವೇ ಒಂದು ವಿಶೇಷ ಚಿಪ್, ಯೂನಿಟ್ ಎಣಿಸುವುದು ಅದೇ. ಅದಕ್ಕೆ ಅತಿ ನವೀನ ತಂತ್ರಜ್ಞಾನವೂ ಬೇಡ. ಮೊಹಾಲಿಯ ಸರ್ಕಾರಿ ಚಿಪ್ ಕಾರ್ಖಾನೆಯಲ್ಲಿರುವ 180 ನ್ಯಾನೋಮೀಟರಿನ ಹಳೆಯ ತಂತ್ರಜ್ಞಾನ ಸಾಕು. ಕೋಟಿಗಟ್ಟಲೆ ಮಾಡುವ ತಾಕತ್ತು ಅಲ್ಲಿಲ್ಲ, ನಿಜ. ಮಾದರಿ ಮಾಡಿ ಪರೀಕ್ಷಿಸಲಂತೂ ಅಡ್ಡಿಯಿಲ್ಲ. 2025ರ ಮಾರ್ಚಿನಲ್ಲಿ ವಿಧಾನಸಭೆಯಲ್ಲಿ ಸ್ಮಾರ್ಟ್ ಮೀಟರ್ ಬೆಲೆಯ ಬಗ್ಗೆ ದೊಡ್ಡ ಗದ್ದಲವೇ ನಡೆಯಿತು. ಒಳಗಿನ ಚಿಪ್ ಯಾರದೆಂಬ ಮಾತು ಮಾತ್ರ ನನ್ನ ಕಿವಿಗೆ ಬೀಳಲಿಲ್ಲ.

ಈಗ ಕೇಂದ್ರದ ಹಂಚಿಕೆ ನೋಡಿ. 2021ರ ಡಿಸೆಂಬರಿನಲ್ಲಿ ಘೋಷಿಸಿದ 76,000 ಕೋಟಿಯ ಚಿಪ್ ಯೋಜನೆಯಲ್ಲಿ ವಿನ್ಯಾಸಕ್ಕೆ ಇಟ್ಟದ್ದು 1,000 ಕೋಟಿ. ಒಂದು ಅರ್ಜಿಗೆ ಖರ್ಚಿನ ಅರ್ಧ, ಅದೂ 15 ಕೋಟಿ ದಾಟುವಂತಿಲ್ಲ. 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬಂದಾಗಿನಿಂದ ಬೆಂಗಳೂರು ಪರರ ಚಿಪ್ಪುಗಳನ್ನು ವಿನ್ಯಾಸ ಮಾಡಿಕೊಡುತ್ತಲೇ ಇದೆ. ಸಾಂಖ್ಯ ಲ್ಯಾಬ್ಸ್‌ನಂಥ ನಮ್ಮದೇ ಕಂಪನಿಗಳು ಚಿಪ್ ಮಾಡಿಯೂ ತೋರಿಸಿವೆ. ಕೊರತೆಯಿರುವುದು ಬುದ್ಧಿಗಲ್ಲ, ಖಾತ್ರಿ ಆರ್ಡರಿಗೆ.

ಫ್ಯಾಬ್ ಇಲ್ಲದೆ ವಿನ್ಯಾಸ ಪರಾವಲಂಬಿ ಎನ್ನುವವರಿದ್ದಾರೆ. ವಾದದಲ್ಲಿ ಹುರುಳಿಲ್ಲದಿಲ್ಲ, ಆದರೆ ನಮ್ಮ ವಿನ್ಯಾಸಗಳೇ ಇಲ್ಲದಿದ್ದರೆ ಗುಜರಾತಿನ 91,000 ಕೋಟಿಯ ಧೊಲೇರಾ ಫ್ಯಾಬ್ ಯಾರ ಚಿಪ್ ಮಾಡಬೇಕು?

ಖರ್ಗೆಯವರು ದಿಲ್ಲಿಯತ್ತ ಬೆರಳು ತೋರುವ ಮುಂಚೆ ತಮ್ಮದೇ ಸಂಪುಟದ ಇಂಧನ ಇಲಾಖೆಯನ್ನು ಕೇಳಲಿ: ಮುಂದಿನ ಮೀಟರ್ ಟೆಂಡರಿನಲ್ಲಿ ಹತ್ತರಲ್ಲೊಂದು ಪಾಲನ್ನು ಇಲ್ಲೇ ವಿನ್ಯಾಸವಾದ ಚಿಪ್ಪಿಗೆ ಮೀಸಲಿಡಲು ಏನು ತೊಂದರೆ? ಮೊದಲ ವರ್ಷ ಬೆಲೆ ಹೆಚ್ಚಾದರೆ ವ್ಯತ್ಯಾಸವನ್ನು ಬೊಕ್ಕಸ ಕಟ್ಟಲಿ, ಯಲಬುರ್ಗಾದ ಮನೆಯವರ ಬಿಲ್ಲಿಗೆ ಸೇರಿಸಬೇಡಿ.